ಹಿತ್ತಲ ಹಣ್ಣಿನ ಮರ ಸೊರಗಿದಾಗ ಮೊದಲು ಬುಡ ನೋಡಿ

ಎಲ್ಲರಿಗೂ ನಮಸ್ಕಾರ. ಕೆಲವರು ಕೈಯಲ್ಲಿ ಎಲೆ ಹಿಡಿದುಕೊಂಡೇ ಬಂದಿದ್ದೀರಿ. ಒಳ್ಳೆಯದು. ಆದರೆ ಒಂದು ಎಲೆ ನೋಡಿ ಮರಕ್ಕೆ ಏನಾಗಿದೆ ಅಂತ ಹೇಳುವುದು ಕಷ್ಟ. ಆ ಎಲೆ ಹಳೆಯದೋ, ಹೊಸ ಚಿಗುರಿನದೋ? ಒಂದೇ ಕೊಂಬೆ ಹೀಗಾಗಿದೆಯೋ, ಇಡೀ ಮರವೋ? ಇಷ್ಟೂ ಗೊತ್ತಿಲ್ಲದೆ ಮದ್ದು ಹೇಳಿದರೆ ಅದು ಬರೀ ಊಹೆ. ಹಿತ್ತಲ ಮರಗಳು ರೋಗಕ್ಕಿಂತ ಇಂಥ ಊಹೆಯ ಮದ್ದಿನಿಂದಲೇ ಜಾಸ್ತಿ ಕೆಡುತ್ತವೆ ಅನ್ನುವುದು ನನ್ನ ಅಭಿಪ್ರಾಯ.

ಮರ ಸೊರಗಿತು ಅಂದ ಕೂಡಲೇ ನಾವು ಏನು ಮಾಡುತ್ತೇವೆ? ಗೊಬ್ಬರ ಸುರಿಯುತ್ತೇವೆ, ಇನ್ನೂ ನೀರು ಬಿಡುತ್ತೇವೆ. ಬೇರು ಕೊಳೆತ ಮರಕ್ಕೆ ಇವೆರಡೂ ಬೇಡ. ಹೊಟ್ಟೆ ಕೆಟ್ಟವರಿಗೆ ಹಬ್ಬದ ಊಟ ಬಡಿಸಿದ ಹಾಗಾಗುತ್ತದೆ. ಅದಕ್ಕೇ ಇವತ್ತು ಔಷಧಿಗಿಂತ ನೋಡುವುದರ ಬಗ್ಗೆಯೇ ಹೆಚ್ಚು ಮಾತಾಡುತ್ತೇನೆ.

ಎಲೆಯನ್ನು ಆಮೇಲೆ ನೋಡೋಣ. ಮೊದಲು ಬುಡದ ಹತ್ತಿರ ಕೂತುಕೊಳ್ಳಿ. ಕಾಂಡ ಮಣ್ಣಿಗೆ ಇಳಿಯುವ ಕಡೆ ಸ್ವಲ್ಪ ಅಗಲವಾಗಿ, ಬೇರುಗಳ ಕಡೆಗೆ ಹರಡಿಕೊಂಡಿರಬೇಕು. ಹಾಗೆ ಅಗಲವಾಗದೆ ನೆಟ್ಟಗೆ ಮಣ್ಣೊಳಗೆ ಇಳಿದಿದ್ದರೆ ಬುಡ ಹೂತುಹೋಗಿದೆ ಅಂತ ಲೆಕ್ಕ. ಒಂದೋ ನೆಡುವಾಗಲೇ ಆಳಕ್ಕೆ ನೆಟ್ಟಿದ್ದಾರೆ, ಇಲ್ಲವೇ ವರ್ಷ ವರ್ಷವೂ ಮಣ್ಣು, ತರಗೆಲೆ, ಗೊಬ್ಬರ ತಂದು ಕಾಂಡಕ್ಕೇ ಒತ್ತಿದ್ದಾರೆ. ಬೇರು ಒದ್ದೆ ಮಣ್ಣಲ್ಲಿ ಬದುಕುತ್ತದೆ. ಕಾಂಡದ ತೊಗಟೆಗೆ ಅದು ಆಗುವುದಿಲ್ಲ. ಸದಾ ಒದ್ದೆ ಇದ್ದರೆ ಮೆತ್ತಗಾಗಿ ಕೊಳೆಯುತ್ತದೆ. ಕಸಿ ಗಿಡವಾದರೆ ಕಸಿಯ ಗಂಟು ಯಾವಾಗಲೂ ಮಣ್ಣಿನ ಮೇಲೆಯೇ ಕಾಣುತ್ತಿರಬೇಕು.

ಹಾಗಾಗಿ ಬುಡದ ಮಣ್ಣನ್ನು ಕೈಯಿಂದಲೇ ಮೆಲ್ಲಗೆ ಸರಿಸಿ. ಸರಿಸುವಾಗ ಇನ್ನೂ ಏನೇನೋ ಸಿಗುತ್ತದೆ. ನೆಟ್ಟಾಗ ಆಸರೆಗೆ ಕಟ್ಟಿದ್ದ ತಂತಿ ತೊಗಟೆಯೊಳಗೆ ಹೂತಿರುತ್ತದೆ. ಒಂದು ಬೇರು ಕಾಂಡವನ್ನೇ ಸುತ್ತಿ ಬಿಗಿದಿರುತ್ತದೆ. ಹುಲ್ಲು ಕತ್ತರಿಸುವ ಯಂತ್ರ ತಾಗಿ ತೊಗಟೆ ಸುಲಿದಿರುತ್ತದೆ. ಎಲೆ ತಯಾರಿಸಿದ ಸಕ್ಕರೆ ಬೇರಿಗೆ ಇಳಿಯುವುದು ತೊಗಟೆಯ ಒಳಪದರದಲ್ಲಿ. ಅದು ಸುತ್ತಲೂ ಕಡಿದುಹೋದರೆ ಬೇರು ಉಪವಾಸ ಬೀಳುತ್ತದೆ. ಮೇಲೆ ಎಲೆ ಹಳದಿಯಾಗುವುದು ತಿಂಗಳುಗಳ ನಂತರ. ಆಗ ನಾವು ಎಲೆಗೆ ಮದ್ದು ಹುಡುಕುತ್ತೇವೆ!

ಇನ್ನು ನೀರು. ನೀರು ಕಡಿಮೆಯಾದರೂ ಎಲೆ ಜೋಲುತ್ತದೆ, ಜಾಸ್ತಿಯಾದರೂ ಜೋಲುತ್ತದೆ. ನೋಡಲು ಎರಡೂ ಒಂದೇ. ನೀರು ನಿಂತ ಮಣ್ಣಲ್ಲಿ ಗಾಳಿ ಇರುವುದಿಲ್ಲ. ಉಸಿರಾಡಲಾಗದ ಬೇರು ನೀರನ್ನೂ ಎಳೆಯಲಾರದು. ಸುತ್ತ ನೀರಿದ್ದೂ ಮರ ಬಾಯಾರಿ ಒಣಗುತ್ತದೆ. ಪರಂಗಿಯಂತೂ ಬುಡದಲ್ಲಿ ಒಂದೆರಡು ದಿನ ನೀರು ನಿಂತರೆ ಸಾಕು, ಬಿದ್ದೇ ಹೋಗುತ್ತದೆ.

ಹಾಗಾದರೆ ಯಾವುದು ಅಂತ ತಿಳಿಯುವುದು ಹೇಗೆ? ಕೊಂಬೆಗಳ ನೆರಳಿನ ಅಂಚಿನಲ್ಲಿ ಒಂದು ಗೇಣು ಆಳ ಅಗೆಯಿರಿ. ಆ ಮಣ್ಣನ್ನು ಹಿಂಡಿ ನೋಡಿ, ಮೂಸಿ ನೋಡಿ. ಕೆಸರಾಗಿ ಕೊಳಕು ವಾಸನೆ ಬಂದರೆ ನೀರು ಹೆಚ್ಚಾಗಿದೆ. ಸಣ್ಣ ಬೇರೊಂದನ್ನು ಚಿವುಟಿ. ಒಳಗೆ ಬೆಳ್ಳಗೆ, ಗಟ್ಟಿಯಾಗಿದ್ದರೆ ಚೆನ್ನಾಗಿದೆ. ಕಂದಾಗಿ, ಎಳೆದರೆ ಮೇಲಿನ ಸಿಪ್ಪೆ ಜಾರಿ ಬಂದರೆ ಕೊಳೆತಿದೆ. ಆಗ ನೀರು ನಿಲ್ಲಿಸಿ, ಕಾಲುವೆ ತೆಗೆದು ನೀರು ಹರಿದುಹೋಗುವಂತೆ ಮಾಡಿ. ಗೊಬ್ಬರ ಬೇಡವೇ ಬೇಡ. ಹೊಸ ಬೇರು ಬರುವವರೆಗೆ ಕಾಯಬೇಕು. ಕಾಯುವುದೇ ಕಷ್ಟ, ಅಲ್ವಾ?

ಮಣ್ಣು ನಿಜವಾಗಿಯೂ ಒಣಗಿದ್ದರೆ ನೀರು ಕೊಡಿ, ಆದರೆ ಕಾಂಡದ ಬುಡಕ್ಕಲ್ಲ. ಆಹಾರ ಹೀರುವ ಬೇರುಗಳು ಹೆಚ್ಚಾಗಿ ಮೇಲಿನ 30ರಿಂದ 60 ಸೆಂಟಿಮೀಟರ್ ಮಣ್ಣಿನಲ್ಲಿ, ಕೊಂಬೆಗಳ ಅಂಚಿನವರೆಗೂ ಅದರಾಚೆಗೂ ಹರಡಿರುತ್ತವೆ. ಪಾತಿ ಅಲ್ಲಿರಬೇಕು. ತರಗೆಲೆಯ ಹೊದಿಕೆ ಹಾಕಿ, ಆದರೆ ಕಾಂಡದಿಂದ ಒಂದು ಗೇಣು ದೂರ ಇರಲಿ. ದಾಳಿಂಬೆ ಬಿರಿಯುತ್ತದೆ ಅಂತ ಕೇಳುವವರಿಗೂ ಬಹುಪಾಲು ಇದೇ ಉತ್ತರ. ಬಹಳ ದಿನ ಒಣಗಿಸಿ ಆಮೇಲೆ ಒಮ್ಮೆಲೇ ನೀರು ಕೊಟ್ಟರೆ ಹಣ್ಣು ಬಿರಿಯುತ್ತದೆ.

ನಿಂಬೆ, ಕಿತ್ತಳೆ ಜಾತಿಯ ಮರಗಳ ಬುಡದಲ್ಲಿ ಅಂಟು ಸೋರುವುದನ್ನು ನೋಡಿರುತ್ತೀರಿ. ಗಾಯವಾದರೂ ಅಂಟು ಬರುತ್ತದೆ, ಅದಕ್ಕೆಲ್ಲ ಹೆದರಬೇಡಿ. ಆದರೆ ಅಂಟಿನ ಕೆಳಗೆ ತೊಗಟೆ ಕಂದಾಗಿ ಮೆತ್ತಗಿದ್ದರೆ ಅದು ಫೈಟೋಫ್ತೊರಾ ಅನ್ನುವ ಸೂಕ್ಷ್ಮಜೀವಿಯ ಕೆಲಸ. ಇದಕ್ಕೆ ನೀರು ಬೇಕು, ಹೂತ ಬುಡ ಅಂದರೆ ಬಲು ಇಷ್ಟ. ಚೊಕ್ಕ ಚಾಕುವಿನಿಂದ ಕೊಳೆತ ತೊಗಟೆಯನ್ನು ಹಸಿ ಭಾಗ ಸಿಗುವವರೆಗೆ ಕೆರೆದು ತೆಗೆಯಿರಿ. ಒಂದೆರಡು ದಿನ ಒಣಗಲು ಬಿಡಿ. ಆಮೇಲೆ ಬೋರ್ಡೋ ಮುಲಾಮು ಹಚ್ಚಿ.

ಈ ಬೋರ್ಡೋ ಹುಟ್ಟಿದ ಕಥೆ ಚೆನ್ನಾಗಿದೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನದಿರಲಿ ಅಂತ ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ರೋಗ ಬರಲಿಲ್ಲ. ಸಸ್ಯವಿಜ್ಞಾನಿ ಮಿಲ್ಲಾರ್ಡೆ ಇದನ್ನು ಗಮನಿಸಿ, ಪರೀಕ್ಷಿಸಿ, 1885ರಲ್ಲಿ ಪ್ರಕಟಿಸಿದರು. ಕಳ್ಳರಿಗೆ ಇಟ್ಟ ಮದ್ದು ರೋಗಕ್ಕೆ ಸಿಕ್ಕಿತು.

ಮಾಡುವ ಕ್ರಮ ಹೀಗೆ. ಸಿಂಪಡಿಸಲು ಒಂದು ಲೀಟರ್ ನೀರಿಗೆ 10 ಗ್ರಾಂ ಮೈಲುತುತ್ತ, 10 ಗ್ರಾಂ ಸುಟ್ಟ ಸುಣ್ಣ. ಹಚ್ಚುವ ಮುಲಾಮಿಗೆ ಎರಡೂ ತಲಾ 100 ಗ್ರಾಂ. ಅರ್ಧ ನೀರಲ್ಲಿ ಮೈಲುತುತ್ತ, ಇನ್ನರ್ಧದಲ್ಲಿ ಸುಣ್ಣ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಕಲಕುತ್ತಾ ಸೇರಿಸಿ. ಪ್ಲಾಸ್ಟಿಕ್ ಬಕೆಟ್ ಇರಲಿ, ಕಬ್ಬಿಣದ ಪಾತ್ರೆ ಬೇಡ. ಒಂದು ಕಬ್ಬಿಣದ ಚಾಕು ಅದ್ದಿ ನೋಡಿ. ಚಾಕುವಿನ ಮೇಲೆ ತಾಮ್ರದ ಕೆಂಪು ಬಣ್ಣ ಕೂತರೆ ಇನ್ನಷ್ಟು ಸುಣ್ಣ ಬೇಕು. ಮಾಡಿದ ದಿನವೇ ಬಳಸಿ ಮುಗಿಸಿ. ಕೈಗವಸು ಮರೆಯಬೇಡಿ.

ಈಗ ಎಲೆಗೆ ಬರೋಣ. ಹಳದಿ ಹಳೆಯ ಎಲೆಯಲ್ಲಿ ಶುರುವಾಯಿತೋ, ಚಿಗುರಿನಲ್ಲೋ? ಈ ಒಂದು ಪ್ರಶ್ನೆ ಅರ್ಧ ದಾರಿ ಸವೆಸುತ್ತದೆ. ಸಾರಜನಕ, ಮೆಗ್ನೀಷಿಯಂ ಕಡಿಮೆ ಬಿದ್ದಾಗ ಮರ ಹಳೆಯ ಎಲೆಯಿಂದ ಅವನ್ನು ಎಳೆದು ಚಿಗುರಿಗೆ ಕಳಿಸುತ್ತದೆ. ಹಾಗಾಗಿ ಹಳೆಯ ಎಲೆ ಮೊದಲು ಹಳದಿಯಾಗುತ್ತದೆ. ಸಾರಜನಕವಾದರೆ ಎಲೆ ಪೂರ್ತಿ ಬಿಳುಚಿಕೊಳ್ಳುತ್ತದೆ. ಮೆಗ್ನೀಷಿಯಂ ಆದರೆ ನಿಂಬೆ ಜಾತಿಯಲ್ಲಿ ತೊಟ್ಟಿನ ಹತ್ತಿರ ಹಸಿರು ತ್ರಿಕೋನ ಉಳಿದು ಸುತ್ತ ಹಳದಿಯಾಗುತ್ತದೆ. ಕಬ್ಬಿಣ, ಸತು ಹಾಗೆ ಓಡಾಡುವುದಿಲ್ಲ. ಅವು ಕಡಿಮೆಯಾದರೆ ಚಿಗುರೇ ಕೆಡುತ್ತದೆ. ನರಗಳು ಹಸಿರು, ನಡುವೆ ಹಳದಿ ಇದ್ದರೆ ಕಬ್ಬಿಣ. ಎಲೆ ಚಿಕ್ಕದಾಗಿ, ಗುಂಪಾಗಿ, ನರಗಳ ನಡುವೆ ಹಳದಿ ಮಚ್ಚೆ ಬಂದರೆ ಸತು.

ಕಬ್ಬಿಣದ ಕೊರತೆ ಅಂದ ಕೂಡಲೇ ಬುಡಕ್ಕೆ ತುಕ್ಕು ಮೊಳೆ ಹೂಳುವವರಿದ್ದಾರೆ. ಸುಮ್ನೆ ಶ್ರಮ. ಮಣ್ಣಲ್ಲಿ ಕಬ್ಬಿಣ ಸಾಮಾನ್ಯವಾಗಿ ಬೇಕಾದಷ್ಟು ಇರುತ್ತದೆ. ಮಣ್ಣಿನ ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 7.5 ದಾಟಿದರೆ, ಅಥವಾ ಮಣ್ಣು ಸದಾ ಒದ್ದೆ ಇದ್ದರೆ, ಬೇರಿಗೆ ಅದು ಸಿಗುವುದಿಲ್ಲ. ತುಕ್ಕೂ ಬೇರಿಗೆ ಸಿಗದ ರೂಪದ ಕಬ್ಬಿಣವೇ. ನೀರು ಸರಿಮಾಡಿ, ಮಣ್ಣು ಪರೀಕ್ಷೆ ಮಾಡಿಸಿ, ಬೇಕಿದ್ದರೆ ಚೀಲೇಟ್ ರೂಪದ, ಅಂದರೆ ಬೇರಿಗೆ ಸಿಗುವಂತೆ ತಯಾರಿಸಿದ, ಕಬ್ಬಿಣ ಹಾಕಿ. ಸತುವಿಗೆ ಲೀಟರಿಗೆ 5 ಗ್ರಾಂ ಸತುವಿನ ಸಲ್ಫೇಟ್, ಅದರ ಅರ್ಧದಷ್ಟು ಸುಣ್ಣ ಸೇರಿಸಿ ಚಿಗುರಿಗೆ ಸಿಂಪಡಿಸಬಹುದು. ಹಳದಿಯಾದ ಹಳೆಯ ಎಲೆ ಮತ್ತೆ ಹಸಿರಾಗದೇ ಇರಬಹುದು. ಮದ್ದು ಹತ್ತಿತೋ ಇಲ್ಲವೋ ಅನ್ನುವುದನ್ನು ಮುಂದಿನ ಚಿಗುರಿನಲ್ಲಿ ನೋಡಿ.

ಇಲ್ಲೊಂದು ಎಚ್ಚರಿಕೆ. ಪೋಷಕಾಂಶದ ಕೊರತೆಯ ಹಳದಿ ನಡುನರದ ಎರಡೂ ಪಕ್ಕ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ನಿಂಬೆ, ಕಿತ್ತಳೆಯಲ್ಲಿ ಒಂದು ಪಕ್ಕ ಒಂದು ಥರ, ಇನ್ನೊಂದು ಪಕ್ಕ ಇನ್ನೊಂದು ಥರ ಮಚ್ಚೆ ಬಿದ್ದು, ಹಣ್ಣೂ ಸೊಟ್ಟಗಿದ್ದರೆ ಗ್ರೀನಿಂಗ್ ರೋಗ ಇರಬಹುದು. ಸಿಲ್ಲಿಡ್ ಅನ್ನುವ ಪುಟ್ಟ ಕೀಟ ಹರಡುವ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ವಾಸಿ ಮಾಡುವ ಮದ್ದಿಲ್ಲ.

ಎಲೆ ಮೇಲೆ ಮಸಿ ಬಳಿದಂತೆ ಕಪ್ಪಾಗಿದ್ದರೆ? ಮಸಿಗೆ ಮದ್ದು ಬೇಡ. ಎಲೆಯ ಹಿಂದೆ ಹಿಟ್ಟು ತಿಗಣೆಯೋ ಸಸ್ಯಹೇನೋ ರಸ ಹೀರುತ್ತಾ ಕೂತಿರುತ್ತದೆ. ಅದು ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಆ ಸಿಹಿಗೆ ಬರುವ ಇರುವೆಗಳು ಹೀರುವ ಕೀಟಗಳಿಗೆ ಕಾವಲು ನಿಲ್ಲುತ್ತವೆ. ಕಾಂಡಕ್ಕೆ ಬಟ್ಟೆ ಸುತ್ತಿ, ಆ ಬಟ್ಟೆಯ ಮೇಲೆ ಅಂಟು ಹಚ್ಚಿ ಇರುವೆ ತಡೆಯಿರಿ. ಜೋರಾಗಿ ನೀರು ಹೊಡೆದು ಕೀಟ ಉದುರಿಸಿ. ಸಾಲದಿದ್ದರೆ ಲೀಟರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನು ದ್ರವದಲ್ಲಿ ಕಲಸಿ, ಸಂಜೆ ಹೊತ್ತು, ಎಲೆಯ ಕೆಳಗೆ ಸಿಂಪಡಿಸಿ. ಹೂ ಬಿಟ್ಟಾಗ ಬೇಡ, ಜೇನು ಬರುವ ಸಮಯ ಅದು.

ಮಾವಿನ ಕಾಂಡದಲ್ಲಿ ತೂತು, ಕೆಳಗೆ ಮರದ ಪುಡಿ ಕಂಡರೆ ಕಾಂಡಕೊರಕ. ತಂತಿ ತೂರಿಸಿ ಹುಳುವನ್ನು ಚುಚ್ಚಿ, ತೂತಿಗೆ ಜೇಡಿಮಣ್ಣು ಮೆತ್ತಿ. ಮರದ ರಸ ಹೀರಿ ಬೆಳೆಯುವ ಬಂದಳಿಕೆ ಗಿಡ ಇದ್ದರೆ ಅದು ಹತ್ತಿದ ಕೊಂಬೆಯನ್ನು ಕೆಳಗಿನಿಂದಲೇ ಕತ್ತರಿಸಿ. ಬರೀ ಎಲೆ ತರಿದರೆ ಮತ್ತೆ ಬರುತ್ತದೆ. ತೊಗಟೆ ಮೇಲಿನ ಬೂದು ಬಣ್ಣದ ಕಲ್ಲುಹೂವಿನಿಂದ ಏನೂ ತೊಂದರೆ ಇಲ್ಲ. ಮಾವಿನ ಹೂವಿನಲ್ಲಿ ನೂರಕ್ಕೊಂದೂ ಹಣ್ಣಾಗುವುದಿಲ್ಲ, ಪುಟ್ಟ ಕಾಯಿ ಉದುರುವುದೂ ರೋಗವಲ್ಲ.

ಕೊಂಬೆ ಒಣಗಿದೆ ಅನ್ನಿಸಿದರೆ ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವ ಇದೆ. ಕಂದಾಗಿದ್ದರೆ ಹಸಿರು ಸಿಗುವವರೆಗೆ ಹಿಂದೆ ಹಿಂದೆ ಕೆರೆಯುತ್ತಾ ಹೋಗಿ. ಕತ್ತರಿಸುವಾಗ ಕೊಂಬೆ ಕಾಂಡಕ್ಕೆ ಸೇರುವಲ್ಲಿ ಇರುವ ಉಬ್ಬನ್ನು ಉಳಿಸಿ, ಅದರ ಹೊರಗೆ ಕತ್ತರಿಸಿ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೀಗೊ ಸಾವಿರಾರು ಮರಗಳನ್ನು ಸೀಳಿ ನೋಡಿದವರು. ಮರ ಗಾಯವಾದ ಜಾಗವನ್ನು ಮೊದಲಿನಂತೆ ಮಾಡುವುದಿಲ್ಲ, ಅದರ ಸುತ್ತ ಗೋಡೆ ಕಟ್ಟಿ ಬೇರ್ಪಡಿಸುತ್ತದೆ ಎಂದು ತೋರಿಸಿದರು. ಆ ಗೋಡೆ ಕಟ್ಟುವ ಶಕ್ತಿ ಹೆಚ್ಚಾಗಿ ಆ ಉಬ್ಬಿನಲ್ಲಿದೆ. ಕತ್ತರಿಸಿದಲ್ಲೆಲ್ಲ ಪೇಂಟ್, ಟಾರು ಬಳಿಯುವುದರಿಂದ ಕೊಳೆ ನಿಲ್ಲುವುದಿಲ್ಲ. ಹಾಗಾದರೆ ಬೋರ್ಡೋ ಹಚ್ಚಲು ಯಾಕೆ ಹೇಳಿದಿರಿ ಅಂತ ಕೇಳಬಹುದು. ಅದು ರೋಗ ಹತ್ತಿದ ಬುಡಕ್ಕೆ ಕೊಡುವ ಔಷಧಿ, ಗಾಯ ಮುಚ್ಚುವ ಬಣ್ಣವಲ್ಲ.

ಎಲ್ಲ ಮರವೂ ಉಳಿಯುವುದಿಲ್ಲ. ಗ್ರೀನಿಂಗ್ ಖಚಿತವಾದ ಕಿತ್ತಳೆ, ಉಂಗುರ ಚುಕ್ಕೆ ಅನ್ನುವ ವೈರಸ್ ರೋಗ ಹತ್ತಿದ ಪರಂಗಿ, ಬುಡದ ತೊಗಟೆ ಬಹುಪಾಲು ಸುತ್ತಲೂ ಹೋಗಿರುವ ಮರ, ಇವನ್ನು ತೆಗೆಯುವುದೇ ಸರಿ. ಪಕ್ಕದ ಮರಗಳಾದರೂ ಉಳಿಯುತ್ತವೆ. ತೆಗೆಯುವಾಗ ಸಿಕ್ಕಷ್ಟು ಬೇರನ್ನೂ ಅಗೆದು ತೆಗೆಯಿರಿ. ಬೇರು ಕೊಳೆತು ಸತ್ತ ಮರದ ಗುಂಡಿಗೆ ಅದೇ ಜಾತಿಯ ಸಸಿ ಕೂಡಲೇ ಬೇಡ. ನೀರು ನಿಲ್ಲುವ ಜಾಗವಾದರೆ ಮಣ್ಣು ಏರಿಸಿ ದಿಬ್ಬ ಮಾಡಿ, ಅದರ ಮೇಲೆ, ಕಸಿಯ ಗಂಟು ಚೆನ್ನಾಗಿ ಕಾಣುವ ಹಾಗೆ ನೆಡಿ.