ನಿಂತ ಊನ, ಬೆಳೆಯುವ ಊನ: ಉಳಿದ ಮರದಲ್ಲಿ ಪೀಠೋಪಕರಣ

ಎಲ್ಲರಿಗೂ ನಮಸ್ಕಾರ.

ಶಿರಸಿಯಲ್ಲಿ ನಿಂತು ಮರದ ಬಗ್ಗೆ ಮಾತಾಡಲು ಸ್ವಲ್ಪ ಧೈರ್ಯ ಬೇಕು. ಇಲ್ಲಿ ಕೂತ ಹಿರಿಯರಲ್ಲಿ ಹಲವರು ಹಲಗೆಯನ್ನು ಬೆರಳಲ್ಲಿ ಬಡಿದೇ ಇದು ಮತ್ತಿ, ಇದು ನಂದಿ ಎಂದು ಹೇಳಬಲ್ಲವರು. ಒಳ್ಳೆಯ ಮರದ ಬಗ್ಗೆ ನಿಮಗೆ ನಾನು ಹೇಳುವಂಥದ್ದು ಏನೂ ಇಲ್ಲ. ಹಾಗಾಗಿ ಇವತ್ತು ಕೆಟ್ಟದ್ದು ಎಂದು ಬದಿಗಿಟ್ಟ ಮರದ ಬಗ್ಗೆ ಮಾತಾಡುತ್ತೇನೆ.

ಮೊದಲು ಒಂದು ಲೆಕ್ಕ. ದುಂಡನೆಯ ದಿಮ್ಮಿಯಿಂದ ಚೌಕದ ತೊಲೆ ತೆಗೆಯಬೇಕು ಎಂದಿಟ್ಟುಕೊಳ್ಳಿ. ವೃತ್ತದೊಳಗೆ ಹಿಡಿಸುವ ಅತಿ ದೊಡ್ಡ ಚೌಕ ಆ ವೃತ್ತದ ಶೇ. 64ರಷ್ಟು ಮಾತ್ರ. ದಿಮ್ಮಿ ಎಷ್ಟೇ ನೆಟ್ಟಗಿರಲಿ, ಮಿಲ್ಲಿನವನು ಎಷ್ಟೇ ಜಾಣನಿರಲಿ, ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬದಿಗೆ ಹೋಗಿಯೇ ಹೋಗುತ್ತದೆ. ಗರಗಸ ತಿಂದ ಹೊಟ್ಟಿನ ಲೆಕ್ಕ ಬೇರೆ. ಆ ಬದಿಯ ಸೀಳುಗಳಲ್ಲಿ ಸ್ವಲ್ಪ ರೀಪು ಆಗುತ್ತದೆ, ಮಿಕ್ಕಿದ್ದು ಬಚ್ಚಲ ಒಲೆಗೆ. ಅದರಲ್ಲಿ ಒಳ್ಳೆಯ ಕೆಚ್ಚು, ಅಂದರೆ ಮರದ ಗಟ್ಟಿ ಒಳಭಾಗ, ಇರುವ ತುಂಡುಗಳೂ ಬೂದಿಯಾಗುತ್ತವೆ.

ಇನ್ನೊಂದು ಕಡೆ, ಹಳೆಯ ಹೆಂಚಿನ ಮನೆಗಳನ್ನು ಕೆಡವಿ ತಾರಸಿ ಹಾಕುತ್ತಿದ್ದೇವೆ. ಹೆಂಚಿನ ಮಾಡು ಹೊರುವ ಪಕಾಸು, ಅಟ್ಟದ ಹಲಗೆ, ಕಿಟಕಿ ಚೌಕಟ್ಟು ಎಲ್ಲ ಹಿತ್ತಿಲಲ್ಲಿ ರಾಶಿ ಬೀಳುತ್ತವೆ. ಹತ್ತಾರು ಮಳೆಗಾಲ, ಬೇಸಿಗೆ ಕಂಡ ಮರ ಅದು. ಬಾಗುವಷ್ಟು ಆಗಲೇ ಬಾಗಿದೆ, ಬಿರಿಯುವಷ್ಟು ಬಿರಿದಿದೆ. ಹೊಸ ತೇಗಕ್ಕೆ ಸಾಲ ಮಾಡಿ, ಈ ರಾಶಿಯನ್ನು ತೂಕಕ್ಕೆ ಕೊಡುವವರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ.

ಹಾಗಂತ ಎಲ್ಲ ಹಾಳು ಮರವೂ ಕೆಲಸಕ್ಕೆ ಬರುತ್ತದೆ ಎಂದು ನಾನು ಹೇಳುವುದಿಲ್ಲ. ಮರದ ಊನದಲ್ಲಿ ಎರಡು ಬಗೆ. ಒಂದು ನಿಂತುಹೋದ ಊನ, ಇನ್ನೊಂದು ಇನ್ನೂ ಬೆಳೆಯುತ್ತಿರುವ ಊನ. ನಿಂತದ್ದು ಎಷ್ಟೇ ವಿಕಾರವಾಗಿ ಕಾಣಲಿ, ಅದರ ಜೊತೆ ಬದುಕಬಹುದು. ಬೆಳೆಯುವುದು ಕೂದಲೆಳೆಯಷ್ಟಿದ್ದರೂ ಅಪಾಯ. ಯಾವುದು ಯಾವುದು ಎಂದು ತಿಳಿಯುವುದೇ ಈ ಕೆಲಸದಲ್ಲಿ ದೊಡ್ಡ ವಿದ್ಯೆ.

ಬಿರುಕು ತೆಗೆದುಕೊಳ್ಳಿ. ಅದು ಎಲ್ಲಿ ಮುಗಿಯುತ್ತದೋ ಅಲ್ಲಿ ಪೆನ್ಸಿಲ್‌ನಿಂದ ಅಡ್ಡ ಗೆರೆ ಎಳೆದು ತಾರೀಕು ಬರೆದಿಡಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಬಿರುಕು ಗೆರೆ ದಾಟಿಲ್ಲ ಅಂದರೆ ನಿಂತಿದೆ. ದಾಟಿದ್ದರೆ ಮರ ಇನ್ನೂ ಒಣಗುತ್ತಿದೆ, ಕಾಯಿರಿ. ಅವಸರ ಇದ್ದವರಿಗೆ ಈ ಕೆಲಸ ಅಲ್ಲ. ಹಸಿ ಹಲಗೆ ನೆರಳಲ್ಲಿ ಒಣಗಲು ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಅಂದಾಜಿನ ಲೆಕ್ಕ. ಘಟ್ಟದ ಮಳೆಯಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಎಂದೇ ಹಿಡಿಯಿರಿ.

ಹುಳದ ತೂತು ನೋಡಿ ಎಲ್ಲರೂ ಹೆದರುತ್ತಾರೆ. ತೂತು ಎಂದರೆ ಹುಳ ಹೊರಗೆ ಹೋದ ದಾರಿ. ಒಳಗೆ ಇನ್ನೂ ಇದೆಯೋ ಇಲ್ಲವೋ ಎಂಬುದು ಪ್ರಶ್ನೆ. ತುಂಡನ್ನು ಚೆನ್ನಾಗಿ ಕುಟ್ಟಿ ಕೊಡವಿ, ಕಪ್ಪು ಕಾಗದದ ಮೇಲೆ ಅಲುಗಾಡಿಸದೆ ಇಡಿ. ಬೇಸಿಗೆಯಲ್ಲಿ ಕೆಲವು ವಾರ ಬಿಟ್ಟು ನೋಡಿ. ಮೈದಾದಂಥ ಹೊಸ ಪುಡಿ ಬಿದ್ದಿದ್ದರೆ ಹುಳ ಊಟ ಮಾಡುತ್ತಿದೆ. ಪುಡಿ ಮಾಡುವ ಈ ಹುಳಕ್ಕೆ ಬೇಕಾದದ್ದು ಹೊರಗಿನ ಬಿಳಿ ಭಾಗದ ಪಿಷ್ಟ. ತೇಗದ ಕೆಚ್ಚಿನ ತಂಟೆಗೆ ಅದು ಹೋಗುವುದಿಲ್ಲ. ಹಾಗಾಗಿ ಬಿಳಿ ಭಾಗ ಕೆತ್ತಿ ಹಾಕಿದರೆ ಎಷ್ಟೋ ಸಲ ಸಮಸ್ಯೆಯೇ ಮುಗಿಯುತ್ತದೆ. ಮಾವಿನ ಮರದಲ್ಲಿ ಹಾಗಾಗುವುದಿಲ್ಲ, ಹುಳ ಎಲ್ಲೆಂದರಲ್ಲಿ ಸೇರುತ್ತದೆ. ಅದಕ್ಕೆ ಬೊರಾಕ್ಸ್, ಬೋರಿಕ್ ಆಸಿಡ್ ಕರಗಿಸಿದ ನೀರು ಹಚ್ಚಿ ಒಣಗಿಸಬೇಕು. ಪಾಲಿಶ್ ಮೇಲೆ ಹಚ್ಚಿದರೆ ಸುಮ್ನೆ ನೀರು ದಂಡ.

ಗಂಟಿಗೆ ಕಾಯುವ ಕೆಲಸ ಇಲ್ಲ. ಬಡಿದು, ಒತ್ತಿ ನೋಡಿ. ಅಲುಗಾಡದಿದ್ದರೆ ಅದು ಜೀವಂತ ಕೊಂಬೆಯ ಗಂಟು, ಸುತ್ತಲಿನ ಮರದ ಜೊತೆ ಬೆಸೆದಿದೆ. ಮೇಜಿನ ಮೇಲ್ಹಲಗೆಯಲ್ಲಿ ಇರಲಿ, ಚೆಂದವೇ. ಸ್ಟೂಲಿನ ಕಾಲಿನಲ್ಲಿ ಮಾತ್ರ ಬೇಡವೇ ಬೇಡ. ಕಾಲು ಮುರಿದರೆ ಗಂಟಿನಲ್ಲೇ ಮುರಿಯುತ್ತದೆ.

ಇನ್ನು ಕಲೆ. ಹಳೆಯ ಪಕಾಸಿನಲ್ಲಿ ಮೊಳೆಯ ಸುತ್ತ ಕಪ್ಪಗಾಗಿರುತ್ತದೆ, ಅಲ್ವಾ? ಜನ ಕೊಳೆತಿದೆ ಎಂದು ಎಸೆಯುತ್ತಾರೆ. ಕೊಳೆತದ್ದಲ್ಲ, ಮರದ ಒಗರು ಕಬ್ಬಿಣಕ್ಕೆ ಸೇರಿ ಆದ ಬಣ್ಣ. ಅಡಿಕೆ ಬೇಯಿಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಚೊಗರಿಗೆ, ಅಂದರೆ ಅಡಿಕೆ ಬೇಯಿಸಿದ ಒಗರು ನೀರಿಗೆ, ಕಬ್ಬಿಣ ಸೇರಿದರೆ ಕಪ್ಪಾಗುತ್ತದೆ ಎಂದು ನಿಮಗೆ ಗೊತ್ತು. ಆಕ್ಸಾಲಿಕ್ ಆಸಿಡ್ ಹಚ್ಚಿದರೆ ಕಪ್ಪು ಹೋಗುತ್ತದೆ. ಅದು ವಿಷ, ಕೈಗವಸು ಹಾಕಿಕೊಳ್ಳಿ. ನಾನಾದರೆ ಕಲೆ ಬಿಟ್ಟುಬಿಡುತ್ತೇನೆ.

ಕಾರವಾರ, ತದಡಿ ಕಡೆಯವರಿಗೆ ಒಂದು ಮಾತು. ಹಳೆಯ ಮರದ ದೋಣಿಯ ಹಲಗೆ ಸಿಕ್ಕಿದರೆ ಅದರೊಳಗೆ ಉಪ್ಪಿರುತ್ತದೆ. ಉಪ್ಪು ಗಾಳಿಯ ತೇವ ಎಳೆದುಕೊಂಡು ಕಬ್ಬಿಣದ ಸ್ಕ್ರೂ ತಿಂದುಹಾಕುತ್ತದೆ. ಹಿತ್ತಾಳೆ ಸ್ಕ್ರೂ ಬಳಸಿ, ಇಲ್ಲವೇ ಮರದ ಗೂಟವನ್ನೇ ಹೊಡೆಯಿರಿ.

ಅಕೇಶಿಯಾ ಬಗ್ಗೆ ಹೇಳದಿದ್ದರೆ ನೀವು ಬಿಡುವುದಿಲ್ಲ. ಅದನ್ನು ನೆಟ್ಟದ್ದು ಸರಿಯೋ ತಪ್ಪೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ, ನೆಟ್ಟದ್ದಂತೂ ಆಗಿದೆ. ಸೌದೆ ಎಂದೇ ನಾವು ನೋಡುವ ಈ ಮರದ ಕೆಚ್ಚು ಗಟ್ಟಿ, ಕಂದು ಬಣ್ಣ, ಒಳ್ಳೆಯ ಹೊಳಪು. ಆದರೆ ಕಾಂಡ ಡೊಂಕು, ಉದ್ದ ಸಿಗುವುದಿಲ್ಲ, ಒಣಗುವಾಗ ನಡುವಿನ ತಿರುಳಿನಿಂದ ಹೊರಕ್ಕೆ ಸೀಳುತ್ತದೆ. ಅದಕ್ಕೆ ಹಸಿ ಇರುವಾಗಲೇ ತಿರುಳನ್ನು ಬಿಟ್ಟು ಕೊಯ್ಯಿಸಬೇಕು, ತುದಿಗಳಿಗೆ ಮೇಣವನ್ನೋ ಪೇಂಟನ್ನೋ ಬಳಿಯಬೇಕು. ಎರಡು ಅಡಿಯ ತುಂಡಿನಲ್ಲಿ ಮಂಚ ಆಗುವುದಿಲ್ಲ. ಊಟದ ಮಣೆ, ಸ್ಟೂಲು, ಕಾಯಿ ತುರಿಯುವ ಮಣೆ ಧಾರಾಳ ಆಗುತ್ತದೆ. ಮರ ನೋಡದೆ ಮೊದಲೇ ನಕ್ಷೆ ಬರೆದರೆ ಈ ತುಂಡುಗಳಲ್ಲಿ ಯಾವುದೂ ಸಾಲುವುದಿಲ್ಲ. ತುಂಡುಗಳನ್ನು ಅಂಗಳದಲ್ಲಿ ಹರಡಿ ನೋಡಿದರೆ ಏನು ಮಾಡಬೇಕು ಎಂದು ಆಗ ಹೊಳೆಯುತ್ತದೆ.

ಜೋಡಿಸುವಾಗ ಒಂದು ಎಚ್ಚರ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲ ಎನ್ನುವಷ್ಟು ಕಡಿಮೆ. ಅಗಲಕ್ಕೆ ಹಿಗ್ಗುತ್ತದೆ, ಅದೂ ವರ್ಷದ ಉಂಗುರಗಳಿಗೆ ಅಡ್ಡಲಾಗಿ ಹಿಗ್ಗುವುದಕ್ಕಿಂತ ಉಂಗುರಗಳ ಗುಂಟ ಸುಮಾರು ಎರಡು ಪಟ್ಟು. ಸಭ್ಯ ಮರ ಎನಿಸಿಕೊಂಡ ತೇಗವೇ ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಉಂಗುರದ ಗುಂಟ ಶೇ. 5ಕ್ಕಿಂತ ಜಾಸ್ತಿ ಕುಗ್ಗುತ್ತದೆ. ಬೇರೆ ಬೇರೆ ಜಾತಿಯ ತುಂಡುಗಳನ್ನು ಅಂಟು ಹಾಕಿ, ಸುತ್ತ ಬಿಗಿಯಾಗಿ ಪಟ್ಟಿ ಹೊಡೆದರೆ ಆಷಾಢದಲ್ಲಿ ಅದು ಉಬ್ಬಿ ಒದೆಯುತ್ತದೆ. ಹಳೆಯ ಬಾಗಿಲು ನೋಡಿ. ಹಲಗೆಗೆ ಮೊಳೆ ಇಲ್ಲ, ಚೌಕಟ್ಟಿನ ತೋಡಿನಲ್ಲಿ ಸಡಿಲವಾಗಿ ಕೂತಿರುತ್ತದೆ. ನಮ್ಮ ಆಚಾರಿಗಳು ಈ ಮಳೆಗೆ ಕಂಡುಕೊಂಡ ಉಪಾಯ ಅದು. ನಿಂತ ಬಿರುಕಿಗೆ ಡಮರು ಆಕಾರದ ಗಟ್ಟಿ ಮರದ ಕೀಲು ಅಡ್ಡ ಕೂರಿಸಿ. ಬಿರುಕಿಗೆ ಎಪಾಕ್ಸಿ ಎಂಬ ನೀಲಿ ಬಣ್ಣದ ಪ್ಲಾಸ್ಟಿಕ್ ಅಂಟು ಸುರಿದು ನದಿ ಮಾಡುವ ಫ್ಯಾಷನ್ ಈಗ ಬಂದಿದೆ. ನನಗೆ ಇಷ್ಟವಿಲ್ಲ. ಅಘನಾಶಿನಿ ಹತ್ತಿರವೇ ಇರುವಾಗ ಪ್ಲಾಸ್ಟಿಕ್ ನದಿ ಯಾಕೆ?

ಕೊನೆಗೆ ಎಣ್ಣೆ. ಗೇರುಬೀಜದ ಸಿಪ್ಪೆಯ ಎಣ್ಣೆ ಒರಲೆ, ಅಂದರೆ ಗೆದ್ದಲು, ತಡೆಯಲು ಒಳ್ಳೆಯದು, ಆದರೆ ಚರ್ಮ ಸುಡುತ್ತದೆ. ಪಕಾಸಿಗೆ ಸರಿ, ಕೂರುವ ಸ್ಟೂಲಿಗೆ ಬೇಡ. ಸ್ಟೂಲಿಗೆ ಅಗಸೆ ಎಣ್ಣೆ ಸಾಕು. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬೆಂಕಿ ಹತ್ತಬಹುದು. ಹರಡಿ ಒಣಗಿಸಿ. ಮತ್ತೆ, ತೇಗ, ಬೀಟೆ ಎಲ್ಲಿಂದ ತಂದರೂ ರಸೀದಿ, ಕಾಗದ ಇಟ್ಟುಕೊಳ್ಳಿ. ಉಳಿಕೆ ತುಂಡು ಎಂದ ಮಾತ್ರಕ್ಕೆ ಅರಣ್ಯ ಇಲಾಖೆಯವರು ನಂಬಬೇಕು ಅಂತೇನಿಲ್ಲ.

ಈ ಮೇಜಿನ ಮೇಲೆ ಕೆಲವು ತುಂಡು ಇಟ್ಟಿದ್ದೇನೆ. ಎತ್ತಿ, ಬಡಿದು ನೋಡಿ. ಒಂದರಲ್ಲಿ ಹುಳ ಇನ್ನೂ ಇದೆ. ಯಾವುದು ಎಂದು ಹೇಳಿದವರು ಮೊದಲ ಪ್ರಶ್ನೆ ಕೇಳಬಹುದು.