ಗಿಡದ ಬುಡ ಬಿಡಿ

ಕೇಳುಗರಿಗೆಲ್ಲ ನಮಸ್ಕಾರ. ನಮ್ಮ ಕಲಬುರಗಿಯ ಪಬ್ಲಿಕ್ ಗಾರ್ಡನ್‌ನಲ್ಲೋ ಅಪ್ಪನ ಕೆರೆ ದಂಡೆಯಲ್ಲೋ ಎರಡು ಸುತ್ತು ಹಾಕಿ ಬಂದು, ಈಗ ಚಹಾ ಕುಡಿಯುತ್ತಾ ಕೂತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ನಾನು ತೋಟಗಾರಿಕೆ ಕಲಿಸುತ್ತಿದ್ದವನು. ನಿವೃತ್ತಿಯಾದ ಮೇಲೆ ಒಂದು ಸೇವಾ ಬಳಗದ ಜೊತೆ ಪ್ರತಿ ಭಾನುವಾರ ಪಾರ್ಕಿನಲ್ಲಿ ಗುದ್ದಲಿ ಹಿಡಿಯುತ್ತೇನೆ. ಪಾರ್ಕು ಉಳಿಸುವುದಕ್ಕೆ ಹತ್ತು ದಾರಿ ಹೇಳಿ ಅಂದಿದ್ದಾರೆ ರೇಡಿಯೋದವರು. ನನ್ನ ಹತ್ತಿರ ಇರುವುದು ಒಂದೇ. ಗಿಡದ ಬುಡ ಬಿಡಿ.

ಪಾರ್ಕಿಗೆ ಏನಾದರೂ ಕೊಡಬೇಕು ಅನಿಸಿದರೆ ನಾವು ಸಿಮೆಂಟೇ ಕೊಡುತ್ತೇವೆ. ಗಿಡದ ಸುತ್ತ ಕಟ್ಟೆ, ಅದಕ್ಕೆ ಹೊಳೆಯುವ ಟೈಲ್ಸು, ಮೇಲೆ ದಾನಿಗಳ ಹೆಸರು. ಹಳ್ಳಿಯಲ್ಲಿ ಅರಳಿಕಟ್ಟೆ ಇಲ್ವಾ ಅಂತ ಕೇಳುತ್ತೀರಿ. ಹಳೇ ಕಟ್ಟೆ ಕಲ್ಲು ಮಣ್ಣಿನದು, ಸಂದಿಯಲ್ಲಿ ನೀರು ಇಳಿಯುತ್ತಿತ್ತು. ಇದರಲ್ಲಿ ಇಳಿಯಲ್ಲ.

ನಾವು ಹೋಗುವ ಪಾರ್ಕಿನಲ್ಲಿ ಒಂದು ದೊಡ್ಡ ಬೇವಿನ ಗಿಡ. ಒಂದು ಯುಗಾದಿಗೆ ಉಳಿದ ಬೇವೆಲ್ಲ ಚಿಗುರಿ ಹೂ ಬಿಟ್ಟಿದ್ದರೆ, ಇದರ ನೆತ್ತಿ ಬೋಳು. ಕಡಿದುಬಿಡಿ ಅಂದರು ಕೆಲವರು. ಬುಡಕ್ಕೆ ಅಂಟಿದಂತೆ ಸಿಮೆಂಟು ಬಳಿದಿತ್ತು. ಬಿಗಿ ಉಂಗುರ ತೊಟ್ಟ ಬೆರಳಿನ ಹಾಗೆ ತೊಗಟೆ ಉಬ್ಬಿ ಅದರ ಮೇಲೆ ಬಂದಿತ್ತು. ಅಲ್ಲಿನ ವಯಸ್ಸಾದ ಮಾಲಿ ಕೈಯಿಂದ ತಟ್ಟಿ ನೋಡಿ, ‘ಗಿಡ ಸತ್ತಿಲ್ರೀ ಸಾಹೇಬ್ರ, ಉಸಿರು ಕಟ್ಟ್ಯದ’ ಅಂದ. ನಾನು ಮೂವತ್ತು ವರ್ಷ ಪಾಠ ಹೇಳಿದ್ದು ಇದನ್ನೇ!

ಸುತ್ತಿಗೆ, ಉಳಿ ಹಿಡಿದು ಮೂರು ಭಾನುವಾರ ಒಡೆದೆವು. ಬೇರಿಗೆ ಪೆಟ್ಟಾಗಬಾರದಲ್ಲ, ಅದಕ್ಕೇ ನಿಧಾನ. ವಾಕಿಂಗಿಗೆ ಬರುವ ಅಕ್ಕನೊಬ್ಬರು ಪ್ರತಿ ಸಲ ಒಡೆದ ಸಿಮೆಂಟಿನ ಬುಟ್ಟಿ ಎಣಿಸಿ, ದಾರಿಗೆ ಅಡ್ಡ ಅಂತ ಬೈದು ಹೋಗುತ್ತಿದ್ದರು. ಸಿಮೆಂಟಿನ ಕೆಳಗಿನ ಮಣ್ಣು ಇಟ್ಟಿಗೆಯಂತೆ ಗಟ್ಟಿ. ಒಂದು ಎರೆಹುಳು ಇಲ್ಲ. ಮೇಲುಮಣ್ಣು ಸಡಿಲಿಸಿ ಗೊಬ್ಬರ ಹಾಕಿದೆವು. ಕಾಂಡಕ್ಕೆ ತಾಗದಂತೆ ಒಣ ಎಲೆ ಹರಡಿದೆವು. ಮಳೆಗಾಲ ಪೂರ್ತಿ ಏನೂ ಕಾಣಲಿಲ್ಲ. ಮರುವರ್ಷ ಕೆಳಗಿನ ಕೊಂಬೆಗಳಲ್ಲಿ ಕೆಂಪು ಚಿಗುರು ಬಂತು. ನೆತ್ತಿಯ ಒಣಕೊಂಬೆ ಕಡಿಯಲೇಬೇಕಾಯಿತು, ಅದು ಮರಳಿ ಬರಲಿಲ್ಲ. ಆದರೆ ಆ ಯುಗಾದಿಗೆ ನಮ್ಮ ಮನೆಯ ಬೇವು-ಬೆಲ್ಲಕ್ಕೆ ಹೂ ಅದೇ ಗಿಡದ್ದು. ಬೈಯುತ್ತಿದ್ದ ಅಕ್ಕನೂ ಒಂದು ಹಿಡಿ ಒಯ್ದರು.

ಬೇರೂ ಉಸಿರಾಡುತ್ತದೆ ಸ್ವಾಮಿ. ನೀರು ಕುಡಿಯುವ ಸಣ್ಣ ಬೇರುಗಳು ಆಳದಲ್ಲಿರಲ್ಲ, ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಲ್ಲೇ, ನೆರಳಿನ ಅಂಚಿನ ಆಚೆವರೆಗೂ ಹರಡಿರುತ್ತವೆ. ಅದಕ್ಕೇ ನೀರು ಹಾಕುವುದೂ ಕಾಂಡಕ್ಕಲ್ಲ, ನೆರಳಿನ ಅಂಚಿಗೆ. ನಮ್ಮದು ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ. ಸುಣ್ಣದ ಅಂಶ ಮೊದಲೇ ಜಾಸ್ತಿ, ಮೇಲೆ ಸಿಮೆಂಟಿನ ಸುಣ್ಣ ಬೇರೆ. ಮೇ ತಿಂಗಳಲ್ಲಿ 42 ಡಿಗ್ರಿ ಬಿಸಿಲಿಗೆ ನೆರಳು ಕೊಡೋದು ಟೈಲ್ಸಲ್ಲ. ಬುಡ ಬಿಡಿ.

ಸ್ಟುಡಿಯೋ ಗಾಜಿನ ಆಚೆಯಿಂದ ಒಂದು ಬೆರಳು ತೋರಿಸುತ್ತಿದ್ದಾರೆ, ಒಂದೇ ನಿಮಿಷವಂತೆ. ಉಳಿದದ್ದು ಬೇಗ ಬೇಗ ಹೇಳುತ್ತೇನೆ. ಉದುರಿದ ಎಲೆ ಸುಡಬೇಡಿ, ಗಿಡದ ಕೆಳಗೇ ಹಾಕಿ. ಬೋರ್ಡು ಹಾಕಲು ಗಿಡಕ್ಕೆ ಮೊಳೆ ಹೊಡೆಯಬೇಡಿ. ಸಸಿ ನೆಡುವುದಾದರೆ ಮಳೆ ಹಿಡಿದ ಮೇಲೆ ನೆಡಿ, ಫೋಟೋ ತೆಗೆಸಿಕೊಂಡವರು ಬೇಸಿಗೆಯಲ್ಲೂ ಕೊಡ ಹಿಡಿದು ಬನ್ನಿ.

ಕಟ್ಟೆ ಕಟ್ಟಿಸಲು ದುಡ್ಡು ಎತ್ತಿಟ್ಟವರು ಯಾರಾದರೂ ಕೇಳುತ್ತಿದ್ದರೆ, ಅದರಲ್ಲಿ ನಾಲ್ಕು ಗುದ್ದಲಿ, ಒಂದು ಉದ್ದದ ಪೈಪು ಬರುತ್ತವೆ. ಭಾನುವಾರ ಬೆಳಗ್ಗೆ ಆರಕ್ಕೆ ನಾವು ಬೇವಿನ ಕೆಳಗೇ ಇರುತ್ತೇವೆ. ನಮಸ್ಕಾರ.