ಎಮ್ಮೆಯ ಕೊಬ್ಬಿನಲ್ಲಿ ಉಳಿಯುವ ಔಷಧಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ದಾವಣಗೆರೆ ಸೀಮೆಯಲ್ಲಿ ಹುಳುವಿಗೆ ಹೊಡೆಯುವ ವಿಷಕ್ಕೆ ಔಷಧಿ ಎಂದೇ ಹೆಸರು. ನಾನೂ ಹಾಗೆಯೇ ಕರೆಯುತ್ತಾ ಬೆಳೆದವನು. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ಎರಡು ಎಮ್ಮೆ ಇದ್ದವು. ಉಣ್ಣೆ ಹುಳು ಹತ್ತಿದರೆ ಬಿ.ಎಚ್.ಸಿ. ಎಂಬ ಹುಳುವಿನ ಔಷಧಿಯ ಪುಡಿಯನ್ನು ಹಳೇ ಬಟ್ಟೆಯಲ್ಲಿ ಕಟ್ಟಿ ಮೈಮೇಲೆ ತಟ್ಟುತ್ತಿದ್ದೆವು. ಎಮ್ಮೆ ಮೈ ನೆಕ್ಕಿಕೊಳ್ಳುತ್ತಿತ್ತು. ಸಂಜೆ ಅದೇ ಎಮ್ಮೆಯ ಹಾಲನ್ನು ಕಾಯಿಸಿ ಕುಡಿಯುತ್ತಿದ್ದೆವು. ಯಾರಿಗೂ ಏನೂ ಆಗಲಿಲ್ಲ. ಏನೂ ಆಗಲಿಲ್ಲ ಎಂದೇ ವರ್ಷಗಟ್ಟಲೆ ಅದನ್ನು ಮುಂದುವರಿಸಿದೆವು.

ಆಮೇಲೆ ಪಶುವೈದ್ಯನಾದ ಮೇಲೆ ನನಗೆ ಅರ್ಥವಾಯಿತು. ಬಿ.ಎಚ್.ಸಿ., ಡಿ.ಡಿ.ಟಿ.ಯಂಥ ಹಳೆಯ ವಿಷಗಳು ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತವೆ. ಹಾಗಾಗಿ ಮೂತ್ರದಲ್ಲಿ ಸುಲಭವಾಗಿ ಹೊರಗೆ ಹೋಗುವುದಿಲ್ಲ. ಮೈಯ ಕೊಬ್ಬು ಎಲ್ಲಿದೆಯೋ ಅಲ್ಲಿ ಹೋಗಿ ಕೂರುತ್ತವೆ.

ನಮ್ಮ ಸೂಳೆಕೆರೆಯನ್ನೇ ನೆನಪು ಮಾಡಿಕೊಳ್ಳಿ. ಹಳ್ಳದ ನೀರು ಬರುತ್ತಲೇ ಇರುತ್ತದೆ, ತೂಬಿನಿಂದ ಸ್ವಲ್ಪ ಹೋಗುತ್ತಲೇ ಇರುತ್ತದೆ. ಬರುವುದು ಜಾಸ್ತಿ ಇದ್ದಷ್ಟು ದಿನ ಕೆರೆ ಏರುತ್ತದೆ. ಬರುವುದೂ ಹೋಗುವುದೂ ಸಮವಾದಾಗ ನೀರು ಒಂದು ಮಟ್ಟದಲ್ಲಿ ನಿಲ್ಲುತ್ತದೆ. ದನದ ಮೈಯಲ್ಲೂ ಹೀಗೆಯೇ. ಮೇವಿನಲ್ಲಿ ದಿನಾ ಬರುವ ವಿಷ ಬಹಳ ಕಡಿಮೆ ಇರಬಹುದು. ತೂಬು ಅದಕ್ಕಿಂತ ಸಣ್ಣದಿದ್ದರೆ ಕೊಬ್ಬಿನ ಮಟ್ಟ ಮೇವಿನ ಮಟ್ಟಕ್ಕಿಂತ ಎಷ್ಟೋ ಮೇಲೆ ಹೋಗಿ ನಿಲ್ಲುತ್ತದೆ. ಆ ಮೇವು ನಿಲ್ಲಿಸಿದ ಮಾರನೇ ದಿನ ಕೆರೆ ಖಾಲಿಯಾಗುವುದಿಲ್ಲ ಅಲ್ವಾ? ಇಳಿಯಲು ವಾರಗಳು, ಕೆಲವು ವಿಷಗಳಿಗೆ ತಿಂಗಳುಗಳೇ ಬೇಕು.

ಹಾಲು ಕೊಡುವ ದನಕ್ಕೆ ಮಾತ್ರ ದೊಡ್ಡದೊಂದು ತೂಬು ಇದೆ. ಅದು ಕೆಚ್ಚಲು. ಹಾಲಿನ ಕೊಬ್ಬಿನ ಜೊತೆ ವಿಷವೂ ಹೊರಗೆ ಬರುತ್ತದೆ. ದನಕ್ಕೆ ಒಳ್ಳೆಯದು, ಕರುವಿಗೂ ನಮಗೂ ಅಲ್ಲ. ಕರು ಹಾಕಿದ ಹೊಸದರಲ್ಲಿ ದನ ಬಡಕಲಾಗುವುದನ್ನು ನೋಡಿರುತ್ತೀರಿ. ತಿಂದದ್ದು ಸಾಲದೆ ಮೈ ಕೊಬ್ಬು ಕರಗಿ ಹಾಲಿಗೆ ಇಳಿಯುವ ಕಾಲ ಅದು. ಕೊಬ್ಬಿನಲ್ಲಿ ಕೂತದ್ದೂ ಆಗ ಎದ್ದು ಬರುತ್ತದೆ. ಎಮ್ಮೆ ಹಾಲಿನಲ್ಲಿ ಕೊಬ್ಬು ನೂರಕ್ಕೆ 7ರಷ್ಟು. ಒಂದು ಕೆ.ಜಿ. ತುಪ್ಪಕ್ಕೆ 14-15 ಲೀಟರ್ ಹಾಲು ಬೇಕು. ಅಷ್ಟೂ ಹಾಲಿನ ಕೊಬ್ಬು ಆ ಡಬ್ಬಿಯಲ್ಲಿರುತ್ತದೆ, ಅದರಲ್ಲಿ ಕರಗಿದ್ದೂ ಇರುತ್ತದೆ. ಹಾಲು ಕಾಯಿಸಿದರೆ ಇದು ಹೋಗುವುದಿಲ್ಲ. ಮೊಟ್ಟೆಯಲ್ಲಾದರೆ ಹಳದಿಯಲ್ಲಿ ಸೇರುತ್ತದೆ, ಬಿಳಿಯಲ್ಲಿ ಅಲ್ಲ.

ಹೊಲಕ್ಕೆ ಡಿ.ಡಿ.ಟಿ. ಹಾಕುವುದು 1989ರಲ್ಲಿ ನಿಂತಿತು. ಬಿ.ಎಚ್.ಸಿ. 1997ರಲ್ಲಿ ಹೋಯಿತು. ಎಂಡೋಸಲ್ಫಾನ್‌ಗೆ 2011ರಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಈಗಿನ ಔಷಧಿಗಳಲ್ಲಿ ಹೆಚ್ಚಿನವು ಅಷ್ಟು ಕಾಲ ಉಳಿಯುವುದಿಲ್ಲ, ಇದು ನಿಜವಾಗಿಯೂ ಸಮಾಧಾನದ ವಿಷಯ. ಆದರೆ ದಿನಾ ಹಾಕುತ್ತಲೇ ಇದ್ದರೆ ಬೇಗ ಹೋಗುವುದಕ್ಕೂ ಹೋಗಲು ಬಿಡುವು ಸಿಗುವುದಿಲ್ಲ. 2018ರಲ್ಲಿ ಪಕ್ಕದ ಶಿವಮೊಗ್ಗದಲ್ಲಿ ಫಾಲ್ ಸೈನಿಕ ಹುಳು ಕಾಣಿಸಿಕೊಂಡಿತು, ಇಡೀ ದೇಶದಲ್ಲೇ ಮೊದಲು. ಅಲ್ಲಿಂದ ನಮ್ಮ ಮೆಕ್ಕೆಜೋಳದ ಸುಳಿಗೆ ಔಷಧಿ ಬೀಳುವುದು ಜಾಸ್ತಿಯಾಗಿದೆ. ಆ ಹಸಿ ಸಪ್ಪೆಯನ್ನೇ ತಂದು ಗೋದಲಿಗೆ ಹಾಕುತ್ತೇವೆ. ಭದ್ರಾ ಕಾಲುವೆ ಕಡೆ ಭತ್ತದ ಗದ್ದೆಗೆ ಹೊಡೆದದ್ದು ಬದುವಿನ ಹುಲ್ಲಿಗೂ ಬೀಳುತ್ತದೆ.

ದಯವಿಟ್ಟು ಇಷ್ಟು ಮಾಡಿ. ಡಬ್ಬಿಯ ಚೀಟಿಯಲ್ಲಿ ಕೊಯ್ಲಿಗೆ ಮುಂಚೆ ಎಷ್ಟು ದಿನ ಕಾಯಬೇಕು ಎಂದು ಬರೆದಿರುತ್ತದೆ. ಆ ದಿನಗಳು ಕಾಳಿಗೆ ಮಾತ್ರ ಎಂದುಕೊಳ್ಳಬೇಡಿ, ಅಷ್ಟು ದಿನ ಸಪ್ಪೆಯನ್ನೂ ಕೊಯ್ಯಬೇಡಿ. ಬಿತ್ತಿ ಉಳಿದ ಬಣ್ಣದ ಬೀಜಕ್ಕೆ ಔಷಧಿ ಲೇಪಿಸಿರುತ್ತಾರೆ. ಸುಮ್ನೆ ಹಾಳಾಗುತ್ತದಲ್ಲ ಎಂದು ಅದನ್ನು ಕೋಳಿಗೆ ಹಾಕಬೇಡಿ.

ನಮ್ಮೂರಿನಲ್ಲಿ ಒಬ್ಬ ಹೆಣ್ಣುಮಗಳು ದಿನಾ ಬೇರೆಯವರ ಬದುವಿನಲ್ಲಿ ಹುಲ್ಲು ಕೊಯ್ಯುತ್ತಾಳೆ. ಎರಡು ಹಸು ಸಾಕಿದ್ದಾಳೆ, ಸ್ವಂತ ಹೊಲ ಇಲ್ಲ. ಈಗ ಕುಡುಗೋಲು ಹಾಕುವ ಮೊದಲು, "ಹೊಡೆದು ಎಷ್ಟು ದಿನ ಆಯ್ತಣ್ಣ?" ಎಂದು ಕೇಳುತ್ತಾಳೆ. ಅವಳು ಕೇಳುವುದನ್ನು ನೋಡಿ ಇಬ್ಬರು ರೈತರು, ಔಷಧಿ ಹೊಡೆದ ದಿನ ಬದುವಿನ ಮೇಲೊಂದು ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತಿದ್ದಾರೆ.

ನಮಸ್ಕಾರ.